ಫಿಟ್ಸ್ ಆಪರೇಷನ್ನಿಗೂ ಧಾರವಾಡದ ಐಕ್ಯೂ ಟೆಸ್ಟಿಗೂ ಏನ್ ಸಂಬಂಧ?

ಕಲಬುರಗಿ, ವಿಜಯಪುರ ಕಡೆಯಿಂದ ರಾತ್ರಿ ಟ್ರೇನ್ ಹತ್ತಿ ಮುಂಬೈ ಪರೇಲಿನ ಆಸ್ಪತ್ರೆಗಳಿಗೆ ಬರೋ ನಮ್ ಜನದಲ್ಲಿ ಫಿಟ್ಸ್ ಇರೋ ಮಕ್ಕಳನ್ನ ಕರ್ಕೊಂಡು ಬರೋರೂ ಇರ್ತಾರೆ. ಎರಡು ಥರ ಮಾತ್ರೆ ಸರಿಯಾಗಿ ಕೊಟ್ರೂ ಫಿಟ್ಸ್ ನಿಲ್ಲಲಿಲ್ಲ ಅಂದ್ರೆ ಆಪರೇಷನ್ ಆಗತ್ತಾ ಅಂತ ಡಾಕ್ಟ್ರು ನೋಡ್ತಾರೆ. ಇಇಜಿ (ಮೆದುಳಿನ ಕರೆಂಟ್ ಬರೆದುಕೊಳ್ಳೋ ಟೆಸ್ಟ್), ಎಂಆರ್‌ಐ ಯಾಕೆ ಅಂತ ಅಪ್ಪ ಅಮ್ಮಂಗೆ ಗೊತ್ತಾಗತ್ತೆ, ಆದ್ರೆ ಅದಾದ್ಮೇಲೆ ಮಗೂನ ಒಂದು ರೂಮಲ್ಲಿ ಕೂರಿಸಿ ಬ್ಲಾಕ್ ಜೋಡಿಸು, ಅಂಕಿಗಳನ್ನ ಉಲ್ಟಾ ಹೇಳು, ಈ ಚಿತ್ರ ನೋಡ್ಕೊಂಡು ಬರಿ, ಅರ್ಧ ಗಂಟೆ ಬಿಟ್ಟು ಈಗ ನೋಡ್ದೆ ಬರಿ ಅಂತ ಗಂಟೆಗಟ್ಟಲೆ ಕೇಳ್ತಾರಲ್ಲ, ಅದು ಯಾಕೆ ಅಂತ ಯಾರೂ ಬಿಡಿಸಿ ಹೇಳಲ್ಲ.

ಆಪರೇಷನ್ ಹಳೇದೇ. ಲಂಡನ್ನಲ್ಲಿ ವಿಕ್ಟರ್ ಹಾರ್ಸ್ಲಿ ಅನ್ನೋ ಸರ್ಜನ್ 1886ರಲ್ಲೇ ಮಾಡಿದ್ರು. ಆಮೇಲೆ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಅನ್ನೋ ಸರ್ಜನ್ ಪೇಷಂಟ್ ಎಚ್ಚರ ಇರೋವಾಗ್ಲೇ ಮೆದುಳಿಗೆ ಸಣ್ಣ ಕರೆಂಟ್ ಮುಟ್ಟಿಸಿ, ಮಾತು ಎಲ್ಲಿದೆ ಕೈಕಾಲು ಎಲ್ಲಿದೆ ಅಂತ ಹುಡುಕಿ, ಆ ಜಾಗ ಬಿಟ್ಟು ಕತ್ತರಿಸ್ತಿದ್ರು. ನೆನಪು ಎಲ್ಲಿರತ್ತೆ ಅನ್ನೋದು ಮಾತ್ರ ಗೊತ್ತಿರ್ಲಿಲ್ಲ.

ಅದು ಗೊತ್ತಾಗಿದ್ದು 1953ರ ಒಂದು ಆಪರೇಷನ್ನಿಂದ, ಒಬ್ಬ ಮನುಷ್ಯನ ಬದುಕನ್ನೇ ಬಲಿ ಕೊಟ್ಟು. ಅಮೆರಿಕದ ಹೆನ್ರಿ ಮೊಲೈಸನ್, ಆಗ 27 ವರ್ಷ, ಫಿಟ್ಸ್ ನಿಲ್ಲಿಸೋಕೆ ಅಂತ ಸ್ಕೋವಿಲ್ ಅನ್ನೋ ಸರ್ಜನ್ ಎರಡೂ ಕಡೆ ಟೆಂಪೊರಲ್ ಲೋಬಿನ (ಕಿವಿ ಹತ್ತಿರದ ಮೆದುಳಿನ ಭಾಗ) ಒಳಭಾಗ ತೆಗೆದುಬಿಟ್ರು. ಫಿಟ್ಸ್ ಕಮ್ಮಿ ಆಯ್ತು. 1955ರ ಏಪ್ರಿಲಲ್ಲಿ ಬ್ರೆಂಡಾ ಮಿಲ್ನರ್ ಅನ್ನೋ ಮನಶ್ಶಾಸ್ತ್ರಜ್ಞೆ ಟೆಸ್ಟ್ ಮಾಡೋಕೆ ಕೂತ್ರೆ ಆತ ಇದು 1953ರ ಮಾರ್ಚ್, ನಂಗೆ 27 ವರ್ಷ ಅಂದ. ತಮಾಷೆ ಅಂದ್ರೆ, ಇದನ್ನ ತಮಾಷೆ ಅನ್ನಬಾರದು, ಆಪರೇಷನ್‌ಗೆ ಮುಂಚೆ 104 ಇದ್ದ ಐಕ್ಯೂ (ಬುದ್ಧಿಮಟ್ಟದ ಅಂಕ) ಆಮೇಲೆ 112 ಆಗಿತ್ತು! ಬರೀ ಐಕ್ಯೂ ನೋಡಿದ್ರೆ ಆಪರೇಷನ್ ಭರ್ಜರಿ ಸಕ್ಸಸ್, ಆದ್ರೆ ಮನುಷ್ಯನಿಗೆ ಹೊಸದೇನೂ ನೆನಪಲ್ಲಿ ನಿಲ್ತಾನೇ ಇಲ್ಲ. ಅದಕ್ಕೇ ಇವತ್ತು ಮಕ್ಕಳಿಗೂ ನೆನಪು, ಮಾತು, ಗಮನ, ನಡವಳಿಕೆ ಎಲ್ಲಾನೂ ಬೇರೆ ಬೇರೆಯಾಗಿ ಅಳೀತಾರೆ, ಮುಂಚೆ ಒಂದ್ಸಲ ಆಮೇಲೆ ಒಂದ್ಸಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ಇದೆ. 1950ರಲ್ಲಿ ದಕ್ಷಿಣ ಆಫ್ರಿಕಾದ ಕ್ರೈನಾವ್ 12 ಮಕ್ಕಳಿಗೆ ಹಾಳಾದ ಅರ್ಧ ಮೆದುಳನ್ನೇ ತೆಗೆದದ್ದನ್ನ ವರದಿ ಮಾಡಿದ್ರು, ಹೆಚ್ಚಿನ ಮಕ್ಕಳು ಸುಧಾರಿಸಿಕೊಂಡ್ರು. ಚಿಕ್ಕ ವಯಸ್ಸಲ್ಲಿ ಎಡಗಡೆ ಪೆಟ್ಟಾದ್ರೆ ಮಾತಿನ ಕೆಲಸ ಬಲಗಡೆಗೆ ಹೋಗಿರಬಹುದು, ಸೋ ದೊಡ್ಡವರ ಲೆಕ್ಕ ಮಕ್ಕಳಿಗೆ ನಡೆಯಲ್ಲ.

ನಮ್ ದೇಶದಲ್ಲಿ ಫಿಟ್ಸ್ ಆಪರೇಷನ್ ಶುರುವಾಗಿದ್ದು 1952ರಲ್ಲಿ, ವೆಲ್ಲೂರಲ್ಲಿ, ಮಾಂಟ್ರಿಯಲ್‌ನಲ್ಲಿ ಕಲಿತು ಬಂದಿದ್ದ ಜೇಕಬ್ ಚಾಂಡಿ ಕೈಯಲ್ಲಿ. ಆದ್ರೆ ಐಕ್ಯೂ ಅಳೆಯೋ ಟೆಸ್ಟ್ ಅದಕ್ಕೂ ಮುಂಚೆನೇ ನಮ್ ಧಾರವಾಡದಲ್ಲಿ ರೆಡಿ ಇತ್ತು! ಪ್ಯಾರಿಸಲ್ಲಿ 1905ರಲ್ಲಿ ಹುಟ್ಟಿ 1916ರಲ್ಲಿ ಅಮೆರಿಕದಲ್ಲಿ ತಿದ್ದಿದ ಬಿನೆ ಟೆಸ್ಟನ್ನ ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ರು, ಆಗ ಧಾರವಾಡ ಬಾಂಬೆ ಪ್ರಾಂತ್ಯದಲ್ಲೇ ಇತ್ತಲ್ವಾ. ಬಿನೆ-ಕಾಮತ್ ಅಂತ ಇವತ್ತಿಗೂ ನಡೀತಿದೆ, ಅದರ ಅಳತೆಗೋಲು ಹಳೇದಾಯ್ತು ಅನ್ನೋ ತಕರಾರೂ ಇದೆ, ನಂಗಂತೂ ಅದು ಸರಿ ಅನ್ಸತ್ತೆ.

ದೆಹಲಿ ಏಮ್ಸ್‌ನವರು 116 ಮಕ್ಕಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಐಕ್ಯೂ ಅಳೆಯೋಕೆ ಬಳಸಿದ್ದು ಇದೇ ಟೆಸ್ಟನ್ನ. ಒಂದು ವರ್ಷದ ಕೊನೆಗೆ ಆಪರೇಷನ್ ಆದ ಮಕ್ಕಳಲ್ಲಿ ನೂರಕ್ಕೆ 77 ಮಂದಿಗೆ ಫಿಟ್ಸ್ ಇಲ್ಲ, ಬರೀ ಮಾತ್ರೆಯವರಲ್ಲಿ 7. ನಡವಳಿಕೆ, ದಿನದ ಬದುಕು, ಜನರ ಜೊತೆ ಬೆರೆಯೋದು ಸುಧಾರಿಸಿತ್ತು, ಐಕ್ಯೂನಲ್ಲಿ ಮಾತ್ರ ಎರಡು ಗುಂಪಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ. ಹಾಗಂತ ಸುಲಭದ ಆಪರೇಷನ್ ಏನಲ್ಲ, ಮೂರರಲ್ಲಿ ಒಂದು ಮಗುವಿಗೆ ಗಂಭೀರ ತೊಂದರೆ ಆಗಿತ್ತು, ಒಂದು ಪಕ್ಕ ಶಕ್ತಿ ಕಮ್ಮಿ ಆಗೋದು ಅದರಲ್ಲೊಂದು.

ಈಗ ಮುಂಬೈ ಫಜೀತಿ ನೋಡಿ. ಡೊಂಬಿವಲಿ ಹುಡುಗನಿಗೆ ಮನೇಲಿ ಕನ್ನಡ ಇಲ್ಲಾ ತುಳು, ಶಾಲೇಲಿ ಇಂಗ್ಲಿಷ್, ಬಿಲ್ಡಿಂಗ್ ಕೆಳಗೆ ಆಡೋವಾಗ ಹಿಂದಿ, ಮರಾಠಿ. ಕಲಬುರಗಿ ಕಡೆ ಹಳ್ಳಿ ಹುಡುಗನ ಕಥೆ ಇನ್ನೂ ಕಷ್ಟ, ಹಿಂದೀಲಿ ಒಂದು ನಿಮಿಷದಲ್ಲಿ ಪ್ರಾಣಿ ಹೆಸರು ಹೇಳು ಅಂದ್ರೆ ಕುತ್ತಾ, ಬಿಲ್ಲಿ, ಗಾಯ್ ಅಂದು ಅಮ್ಮನ ಮುಖ ನೋಡ್ತಾನೆ. ಅದೇ ಕನ್ನಡದಲ್ಲಿ ಕೇಳಿ, ಎಮ್ಮಿ, ಹೋರಿ, ಆಡು, ಟಗರು, ಮುಂಗಸಿ ಅಂತ ನಿಲ್ಲೋದೇ ಇಲ್ಲ. ಹಿಂದೀಲಿ ಬಂದ ಕಮ್ಮಿ ಮಾರ್ಕ್ಸು ಫೈಲಲ್ಲಿ ಮೆದುಳಿನ ದೋಷ ಅಂತ ಕೂತ್ರೆ, ಯಾವ ಭಾಗಕ್ಕೆ ಕೈ ಹಾಕಬೇಕು ಅನ್ನೋ ಲೆಕ್ಕವೇ ತಪ್ಪಬಹುದು. ಹಿಂದಿನ ದಿನ ಫಿಟ್ಸ್ ಬಂದಿದ್ರೂ, ಟೋಪಿರಮೇಟ್ ಥರದ ಮಾತ್ರೆ ನಡೀತಿದ್ರೂ ಮಾತು ನಿಧಾನ ಆಗತ್ತೆ, ಅದನ್ನೂ ಟೆಸ್ಟ್ ಮಾಡೋರಿಗೆ ಹೇಳ್ಬೇಕು.

ನಮ್ಮೋರು ಎಡವೋದು ಎರಡನೇ ಟೆಸ್ಟಿಗೆ. ಫಿಟ್ಸ್ ನಿಂತ್ಮೇಲೆ ಮತ್ತೆ ಟಿಕೆಟ್ ಖರ್ಚು ಮಾಡ್ಕೊಂಡು ಮುಂಬೈಗೆ ಯಾಕೆ ಅಂತ ಊರಲ್ಲೇ ಉಳೀತಾರೆ, ಮೊದಲನೇ ರಿಪೋರ್ಟ್ ಒಂದೇ ಇದ್ರೆ ಏನು ಉಳೀತು ಏನು ಹೋಯ್ತು ಅಂತ ಹೋಲಿಸೋದು ಹೇಗೆ? ಮುಂಬೈ ದೂರ ಆದ್ರೆ ಬೆಂಗಳೂರು ನಿಮ್ಹಾನ್ಸ್ ಇದೆ, 5ರಿಂದ 15 ವರ್ಷದ ಮಕ್ಕಳಿಗೆ ಅವರದ್ದೇ ಟೆಸ್ಟ್ ಸೆಟ್ ಇದೆ. ಆದ್ರೆ ಹಳೇ ರಿಪೋರ್ಟ್ ತಗೊಂಡು ಹೋಗಿ, ಮೊದಲು ಯಾವ ಟೆಸ್ಟ್, ಯಾವ ಭಾಷೇಲಿ ಮಾಡಿದ್ರು ಅಂತ ಅದ್ರಲ್ಲಿ ಬರೆಸ್ಕೊಂಡಿರಿ.