ತಿದ್ದುಪಡಿ ಕೋರಿಕೆಗಳು ದಾರಿ ತಪ್ಪುವುದು ಎಲ್ಲಿ?

ಉಡುಪಿ ಜಿಲ್ಲೆ 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರೆಯಾದಾಗ ಅದರಲ್ಲಿದ್ದದ್ದು ಮೂರೇ ತಾಲ್ಲೂಕು: ಉಡುಪಿ, ಕುಂದಾಪುರ, ಕಾರ್ಕಳ. ಈಗ ಬ್ರಹ್ಮಾವರ, ಬೈಂದೂರು, ಕಾಪು, ಹೆಬ್ರಿ ಸೇರಿ ಏಳಾಗಿವೆ. ವಿಕಿಪೀಡಿಯದ ಯಾವುದೋ ಒಂದು ಪುಟದಲ್ಲಿ ಹಳೆಯ ಲೆಕ್ಕವೇ ಉಳಿದುಕೊಂಡಿದೆ, ಅದು ಬೈಂದೂರಿನ ಓದುಗರೊಬ್ಬರ ಕಣ್ಣಿಗೆ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಅವರಿಗೆ ವಿಷಯ ಗೊತ್ತು, ಸರಿಪಡಿಸಬೇಕೆಂಬ ಕಾಳಜಿಯೂ ಇದೆ. ಎಲ್ಲಿ ಹೇಳಬೇಕು ಎಂಬುದೊಂದು ಮಾತ್ರ ತಿಳಿಯದು.

ತಪ್ಪು ಲೇಖನದ ವಾಕ್ಯದಲ್ಲಿದ್ದರೆ ಆ ಲೇಖನದ ಚರ್ಚೆಪುಟದಲ್ಲಿ, ಅಂದರೆ ಅದರ ಬಗ್ಗೆ ಮಾತಾಡಲೆಂದೇ ಇರುವ ಜೋಡಿ ಪುಟದಲ್ಲಿ, ಹೇಳಬೇಕು. ಪುಟದ ಬುಡದಲ್ಲಿರುವ ತಾಲ್ಲೂಕುಗಳ ಪಟ್ಟಿಯಲ್ಲಿದ್ದರೆ ಅದು ಟೆಂಪ್ಲೇಟು ಎಂಬ ಬೇರೊಂದು ಪುಟದಿಂದ ಬಂದು ಕೂತದ್ದು. 'ಸಂಪಾದಿಸಿ' ಗುಂಡಿ ಒತ್ತಿ ಮೂಲಪಠ್ಯ ನೋಡಿದರೆ ಎರಡೆರಡು ಪುಷ್ಪಾವರಣಗಳ ನಡುವೆ ಟೆಂಪ್ಲೇಟಿನ ಹೆಸರಷ್ಟೇ ಕಾಣುತ್ತದೆ; ತಾಲ್ಲೂಕುಗಳ ಹೆಸರು ಎಷ್ಟು ಹುಡುಕಿದರೂ ಅಲ್ಲಿ ಸಿಗುವುದಿಲ್ಲ. ನಕ್ಷೆಯಲ್ಲಿ ತಪ್ಪಿದ್ದರೆ ಅದು ಚಿತ್ರಗಳ ಭಂಡಾರವಾದ ಕಾಮನ್ಸ್‌ನಲ್ಲಿದೆ. ಬಲಬದಿಯ ಮಾಹಿತಿ ಚೌಕದ ಅಂಕಿಅಂಶ ಮಾಹಿತಿಯ ಭಂಡಾರವಾದ ವಿಕಿಡೇಟಾದಿಂದ ಬರುತ್ತಿರಬಹುದು. ಓದುಗರಿಗೆ ಕಾಣುವುದು ಒಂದೇ ಪರದೆ. ಅದರ ಹಿಂದೆ ನಾಲ್ಕು ಮನೆಗಳಿವೆ, ನಾಲ್ಕರ ಕಟ್ಟಳೆಯೂ ಬೇರೆ. ಹೀಗಾಗಿ ಅವರ ಕೋರಿಕೆ ಈ ನಾಲ್ಕನ್ನೂ ಬಿಟ್ಟು ಐದನೆಯ ಯಾವುದೋ ಪುಟದಲ್ಲಿ ಹೋಗಿ ಬೀಳುತ್ತದೆ. ವರ್ಷಗಳಿಂದ ಇಂಥ ಕೋರಿಕೆಗಳನ್ನು ಓದುತ್ತಾ ಬಂದವನಾಗಿ ಹೇಳುತ್ತೇನೆ: ಇವುಗಳಲ್ಲಿ ಓದುಗರ ಅಜಾಗರೂಕತೆಯ ಪಾಲು ತೀರಾ ಸಣ್ಣದು. ಇಪ್ಪತ್ತೈದು ವರ್ಷಗಳಲ್ಲಿ ವಿಕಿಪೀಡಿಯ ಕಟ್ಟಿಕೊಂಡು ಬಂದ ವ್ಯವಸ್ಥೆಯೇ ಅವರನ್ನು ಅಲ್ಲಿಗೆ ತಳ್ಳುತ್ತದೆ.

2001ರ ಜನವರಿ 15ರಂದು ವಿಕಿಪೀಡಿಯ ಶುರುವಾದಾಗ ಕೋರಿಕೆ ಎಂಬ ಮಾತೇ ಇರಲಿಲ್ಲ. ತಪ್ಪು ಕಂಡವರು ಅಲ್ಲೇ ತಿದ್ದುತ್ತಿದ್ದರು. ಭಿನ್ನಾಭಿಪ್ರಾಯವಿದ್ದರೆ ಲೇಖನದ ಕೆಳಗೇ ಒಂದು ಟಿಪ್ಪಣಿ ಬರೆದು ಹೆಸರು ಹಾಕುತ್ತಿದ್ದರು. ಇಲ್ಲವೇ ಅದಕ್ಕೊಂದು ಉಪಪುಟ ತೆರೆಯುತ್ತಿದ್ದರು. 2002ರ ಜನವರಿಯಲ್ಲಿ ಹೊಸ ತಂತ್ರಾಂಶ ಬಂದ ಮೇಲೆ ಪ್ರತಿ ಪುಟಕ್ಕೂ ಜೋಡಿಯಾಗಿ ಒಂದು ಚರ್ಚೆಪುಟ ಬಂತು. ಲೇಖನದಿಂದ ಮಾತುಕತೆಯನ್ನು ಬೇರ್ಪಡಿಸಿದ್ದು ಒಳ್ಳೆಯ ತೀರ್ಮಾನವೇ. ಆದರೆ 'ಇದು ಇಲ್ಲಿಗೆ ಸೇರಿದ್ದು, ಅದು ಅಲ್ಲಿಗೆ' ಎಂಬ ವಿಂಗಡಣೆ ಶುರುವಾದದ್ದೂ ಆಗಲೇ.

ನಿಜವಾದ ತಿರುವು 2005ರದು. ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಕುರಿತ ಲೇಖನದಲ್ಲಿ ಯಾರೋ ಆ ವರ್ಷದ ಮೇ ತಿಂಗಳಲ್ಲಿ ಹಸಿ ಸುಳ್ಳೊಂದನ್ನು ಸೇರಿಸಿದರು. ಕೆನಡಿ ಸಹೋದರರ ಹತ್ಯೆಯ ಸಂಬಂಧದಲ್ಲಿ ಅವರ ಮೇಲೆ ಸಂಶಯವಿತ್ತು ಎಂಬರ್ಥದ ಬರಹ ಅದು. ನಾಲ್ಕು ತಿಂಗಳು ಅದು ಯಾರ ಕಣ್ಣಿಗೂ ಬೀಳದೆ ಹಾಗೇ ಇತ್ತು. ನವೆಂಬರಿನಲ್ಲಿ ಅವರೇ ಪತ್ರಿಕೆಯೊಂದರಲ್ಲಿ ಇದನ್ನು ಬರೆದಾಗ ಜಗತ್ತೆಲ್ಲ ಸುದ್ದಿಯಾಯಿತು. ಡಿಸೆಂಬರಿನಲ್ಲಿ ಇಂಗ್ಲಿಷ್ ವಿಕಿಪೀಡಿಯ, ಖಾತೆಯಿಲ್ಲದವರು ಹೊಸ ಲೇಖನ ಶುರುಮಾಡುವುದನ್ನು ನಿಲ್ಲಿಸಿತು. ಅದೇ ತಿಂಗಳು ಅರೆ ಸಂರಕ್ಷಣೆ ಎಂಬ ಬೀಗವೂ ಬಂತು. ಈ ಬೀಗ ಹಾಕಿದ ಪುಟವನ್ನು ತಿದ್ದಲು ಇಂದು ಅಲ್ಲಿ ಖಾತೆ ತೆರೆದು ನಾಲ್ಕು ದಿನ ಕಳೆದಿರಬೇಕು, ಹತ್ತು ಸಂಪಾದನೆ ಮಾಡಿರಬೇಕು. 2016ರಲ್ಲಿ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಬೀಗ ಸೇರಿತು. ಅದಕ್ಕೆ ಮೂವತ್ತು ದಿನ, ಐನೂರು ಸಂಪಾದನೆ ಬೇಕು. ಭಾರತದ ಜಾತಿ, ಸಮುದಾಯಗಳ ಕುರಿತ ಹಲವು ಇಂಗ್ಲಿಷ್ ಪುಟಗಳಿಗೆ ಇಂಥ ಬೀಗಗಳಿವೆ.

ಬೀಗ ಬಂದ ಮೇಲೆ ಹೊರಗೆ ನಿಂತವರ ಮಾತು ಒಳಗೆ ತಲುಪಲು ದಾರಿ ಬೇಕಾಯಿತು. ಅದೇ ತಿದ್ದುಪಡಿ ಕೋರಿಕೆ. ಚರ್ಚೆಪುಟದಲ್ಲಿ ನಿಗದಿತ ಟೆಂಪ್ಲೇಟು ಹಾಕಿ, 'ಈ ವಾಕ್ಯವನ್ನು ತೆಗೆದು ಈ ವಾಕ್ಯ ಹಾಕಿ, ಆಧಾರ ಇಲ್ಲಿದೆ' ಎಂದು ಬರೆದರೆ ಆ ಪುಟ ಒಂದು ವರ್ಗಕ್ಕೆ ಸೇರುತ್ತದೆ. ಬಾಟ್ ಎಂಬ ತಾನಾಗಿ ಕೆಲಸ ಮಾಡುವ ತಂತ್ರಾಂಶವೊಂದು ಅಂಥವನ್ನೆಲ್ಲ ಪಟ್ಟಿ ಮಾಡುತ್ತದೆ. ಸ್ವಯಂಸೇವಕರು ಪಟ್ಟಿ ನೋಡಿ ಒಂದೊಂದಾಗಿ ಉತ್ತರಿಸುತ್ತಾರೆ.

ಇನ್ನು ದಾರಿ ತಪ್ಪುವ ಬಗೆಯನ್ನು ಹತ್ತಿರದಿಂದ ನೋಡೋಣ. ಓದುಗರು ಲೇಖನದ ಮೇಲ್ತುದಿಯಲ್ಲಿ ಸಣ್ಣ ಬೀಗದ ಚಿತ್ರ ಕಾಣುತ್ತಾರೆ. ತೆರೆಯಬಹುದೇನೋ ಎಂದು ಅದನ್ನು ಒತ್ತುತ್ತಾರೆ. ಅದು ಕರೆದೊಯ್ಯುವುದು ಸಂರಕ್ಷಣೆಯ ನಿಯಮಗಳನ್ನು ವಿವರಿಸುವ ಉದ್ದನೆಯ ಪುಟಕ್ಕೆ. ಆ ಪುಟಕ್ಕೂ ಬೀಗವಿದೆ! ಅಲ್ಲಿ ಮೂಲ ನೋಡಲು ಹೋದರೆ 'ತಿದ್ದುಪಡಿ ಕೋರಿಕೆ ಸಲ್ಲಿಸಿ' ಎಂಬ ದೊಡ್ಡ ಗುಂಡಿ ಸಿಗುತ್ತದೆ. ಅವರು ಹುಡುಕುತ್ತಿದ್ದದ್ದು ಅದನ್ನೇ. ಒತ್ತುತ್ತಾರೆ, ಬರೆಯುತ್ತಾರೆ, ಪ್ರಕಟಿಸುತ್ತಾರೆ. ಉಡುಪಿಯ ತಾಲ್ಲೂಕುಗಳ ವಿಷಯ ಹೀಗೆ ಸಂರಕ್ಷಣಾ ನೀತಿಯ ಚರ್ಚೆಪುಟದಲ್ಲಿ ದಾಖಲಾಗುತ್ತದೆ. ಗುಂಡಿಗೆ ತಾನಿರುವ ಪುಟ ಮಾತ್ರ ಗೊತ್ತು. ಓದುಗರು ಯಾವ ಪುಟದಿಂದ ಬಂದರು ಎಂಬುದು ಅದಕ್ಕೆ ಗೊತ್ತಿಲ್ಲ. 'ತಾಲ್ಲೂಕು ಏಳು ಇವೆ, ಸರಿಮಾಡಿ' ಎಂದಷ್ಟೇ ಬರೆದಿದ್ದರೆ ಯಾವ ಲೇಖನದ ಮಾತು ಎಂಬುದೂ ತಿಳಿಯುವುದಿಲ್ಲ, ಏಕೆಂದರೆ ತಾನು ಇನ್ನೂ ಉಡುಪಿಯ ಪುಟದಲ್ಲೇ ಇದ್ದೇನೆ ಎಂದುಕೊಂಡು ಓದುಗರು ಅದನ್ನು ಬರೆದಿರುತ್ತಾರೆ.

ಇಂಥವಕ್ಕೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಿದ್ಧ ಉತ್ತರಗಳಿವೆ. ಆಧಾರ ಕೊಡದಿದ್ದರೆ ಒಂದು, ಏನು ಬದಲಿಸಬೇಕೆಂದು ಸ್ಪಷ್ಟವಾಗಿ ಹೇಳದಿದ್ದರೆ ಒಂದು, ಸಹಮತ ಬೇಕಾದ ವಿಷಯವಾದರೆ ಇನ್ನೊಂದು. ತಪ್ಪು ಪುಟಕ್ಕೆ ಬಂದ ಕೋರಿಕೆಗೂ ಒಂದಿದೆ: ಈ ಚರ್ಚೆಪುಟ ಇಂಥ ಪುಟದ ಸುಧಾರಣೆಗೆ ಮಾತ್ರ, ಸಂಬಂಧಪಟ್ಟ ಲೇಖನದ ಚರ್ಚೆಪುಟದಲ್ಲಿ ಕೋರಿಕೆ ಸಲ್ಲಿಸಿ. ಟೆಂಪ್ಲೇಟಿನಲ್ಲಿ ಉತ್ತರಿಸಲಾಗಿದೆ ಎಂದು ಗುರುತು ಹಾಕಿದ ಕೂಡಲೇ ಕೋರಿಕೆ ಪಟ್ಟಿಯಿಂದ ಇಳಿಯುತ್ತದೆ.

ನಿಯಮದ ಪ್ರಕಾರ ಇದು ಸರಿ. ಪಟ್ಟಿಯನ್ನು ದಿನವೂ ಖಾಲಿ ಮಾಡುವ ಕೆಲವೇ ಮಂದಿಯ ಶ್ರಮದ ಬಗ್ಗೆ ನನಗೆ ಗೌರವವಿದೆ. ಬರುವ ಕೋರಿಕೆಗಳಲ್ಲಿ ಏನೂ ಬರೆಯದೆ ಕಳಿಸಿದವು, ಜಾಹೀರಾತು, ಬೈಗುಳ ಎಷ್ಟಿರುತ್ತವೆ ಎಂಬುದೂ ಗೊತ್ತು. ಆದರೂ ಈ ಒಂದು ಉತ್ತರವನ್ನು ನಾನು ಒಪ್ಪಲಾರೆ. ತಾಲ್ಲೂಕು ಕಚೇರಿಯಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತವರಿಗೆ 'ಈ ಕಿಟಕಿಯಲ್ಲ, ಆ ಕಿಟಕಿ' ಎಂದರೆ ಅವರು ಗೊಣಗಿಕೊಂಡಾದರೂ ಆ ಕಿಟಕಿಗೆ ಹೋಗುತ್ತಾರೆ, ಕೆಲಸ ಅವರದಲ್ಲವೇ. ವಿಕಿಪೀಡಿಯಕ್ಕೆ ತಪ್ಪು ತಿಳಿಸಲು ಬಂದವರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ಅವರು ತಿರುಗಿ ಬರುವುದಿಲ್ಲ. ಉತ್ತರ ಬಂದದ್ದೇ ಎಷ್ಟೋ ಮಂದಿಗೆ ತಿಳಿಯುವುದಿಲ್ಲ. 2025ರವರೆಗೆ ಖಾತೆಯಿಲ್ಲದೆ ಬರೆದವರ ಗುರುತು ಐಪಿ ವಿಳಾಸವೇ ಆಗಿತ್ತು; ಮೊಬೈಲಿನಲ್ಲಿ ಅದು ಬದಲಾಗುತ್ತಲೇ ಇರುತ್ತಿತ್ತು, ಹಿಂದಿನ ದಿನದ ವಿಳಾಸಕ್ಕೆ ಕೊಟ್ಟ ಉತ್ತರ ಮರುದಿನ ಅವರನ್ನು ಮುಟ್ಟುತ್ತಿರಲಿಲ್ಲ. ಲಾಗಿನ್ ಆಗದವರಿಗೆ ಮೊಬೈಲ್ ನೋಟದಲ್ಲಿ ಚರ್ಚೆಪುಟದ ಕೊಂಡಿಯೇ ಬಹುಕಾಲ ಕಾಣುತ್ತಿರಲಿಲ್ಲ. ಕೋರಿಕೆ ಪಟ್ಟಿಯಿಂದ ಇಳಿಯಿತು. ತಪ್ಪು ಲೇಖನದಲ್ಲೇ ಉಳಿಯಿತು.

ಓದುಗರಿಗೆ ಸುಲಭದ ದಾರಿ ಮಾಡಿಕೊಡುವ ಪ್ರಯತ್ನ ಆಗಿಲ್ಲವೆಂದಲ್ಲ. 2011ರ ಕೊನೆಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ಕೆಲವು ಲೇಖನಗಳ ಕೆಳಗೆ ಅಭಿಪ್ರಾಯ ಬರೆಯುವ ಚೌಕವೊಂದನ್ನು ಇಟ್ಟು ನೋಡಿದರು. ನೀವು ಹುಡುಕುತ್ತಿದ್ದದ್ದು ಸಿಕ್ಕಿತೇ ಎಂದು ಅದು ಕೇಳುತ್ತಿತ್ತು. ಬರಹಗಳು ರಾಶಿ ಬಿದ್ದವು. ಅವನ್ನು ಜಾಲಾಡಿ ಕಾಳು ಹೆಕ್ಕುವ ಕೆಲಸ ಮತ್ತೆ ಅದೇ ಸ್ವಯಂಸೇವಕರ ತಲೆಗೆ ಬಂತು. 2013ರಲ್ಲಿ ಅಲ್ಲಿನ ಸಮುದಾಯ ಬೇಡವೆಂದಿತು, 2014ರ ವೇಳೆಗೆ ಆ ಸೌಲಭ್ಯವೇ ನಿಂತಿತು.

ಅಷ್ಟರಲ್ಲಿ ಗೊಂದಲಕ್ಕೆ ಹೊಸದೊಂದು ಮೂಲ ಹುಟ್ಟಿತ್ತು. 2012ರ ಮೇ ತಿಂಗಳಲ್ಲಿ ಗೂಗಲ್ ತನ್ನ ಹುಡುಕಾಟದ ಫಲಿತಾಂಶಗಳ ಬದಿಯಲ್ಲಿ ಮಾಹಿತಿಯ ಫಲಕ ತೋರಿಸಲು ಶುರುಮಾಡಿತು. ಅದರಲ್ಲಿ ವಿಕಿಪೀಡಿಯದ ಒಂದೆರಡು ವಾಕ್ಯ, ಕೆಳಗೆ ವಿಕಿಪೀಡಿಯದ ಹೆಸರು. ಚಿತ್ರ ಮಾತ್ರ ಬೇರೆಲ್ಲಿಂದಲೋ ಬಂದದ್ದಾಗಿರಬಹುದು. ಕರಾವಳಿಯಲ್ಲಿ ಒಂದೇ ಹೆಸರಿನ ಯಕ್ಷಗಾನ ಕಲಾವಿದರು ಬೇಕಾದಷ್ಟು ಮಂದಿ ಇದ್ದಾರೆ. ತೆಂಕುತಿಟ್ಟಿನ ಹಿರಿಯರೊಬ್ಬರ ಹೆಸರಿನ ಪಕ್ಕದಲ್ಲಿ ಬಡಗುತಿಟ್ಟಿನ ಯುವಕನೊಬ್ಬನ ಚಿತ್ರ ಬಂದರೆ ಮನೆಯವರು ವಿಕಿಪೀಡಿಯಕ್ಕೇ ಬರೆಯುತ್ತಾರೆ. ಲೇಖನ ತೆರೆದರೆ ಅಲ್ಲಿ ಚಿತ್ರವೇ ಇರುವುದಿಲ್ಲ. ಇದನ್ನು ಸರಿಪಡಿಸುವ ಅಧಿಕಾರ ವಿಕಿಪೀಡಿಯದ ಯಾರಿಗೂ ಇಲ್ಲ. ಫಲಕದ ಅಡಿಯಲ್ಲಿ ಪ್ರತಿಕ್ರಿಯೆ ತಿಳಿಸುವ ಕೊಂಡಿಯಿಂದ ಗೂಗಲ್‌ಗೇ ಹೇಳಬೇಕು. ಮನೆಯವರಿಗೆ ಇದನ್ನು ಒಂದು ಸಾಲಿನಲ್ಲಿ ತಳ್ಳಿಹಾಕದೆ, ಎಲ್ಲಿ ಒತ್ತಬೇಕು ಎಂಬುದನ್ನು ಬಿಡಿಸಿ ಹೇಳಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಕಿಡೇಟಾ ಬಂದು ಮಾಹಿತಿಯ ಮನೆಗಳು ಇನ್ನೂ ಒಂದು ಹೆಚ್ಚಾದವು.

ನಮ್ಮ ಊರಿನ ಹೆಸರಿನದೇ ಒಂದು ಕಥೆಯಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದವು, ಮಂಗಳೂರೂ ಅದರಲ್ಲಿತ್ತು. ಇಂಗ್ಲಿಷ್ ವಿಕಿಪೀಡಿಯದ ಶೀರ್ಷಿಕೆ ಮಾತ್ರ ಅನಂತರವೂ ಹಲವು ವರ್ಷ 'ಮ್ಯಾಂಗಲೋರ್' ಆಗಿಯೇ ಇತ್ತು. ಸರ್ಕಾರದ ಆದೇಶ ತೋರಿಸಿ ಹೆಸರು ಬದಲಿಸಿ ಎಂದು ಕೇಳುವುದು ಸಹಜವೇ. ಆದರೆ ಶೀರ್ಷಿಕೆ ಬದಲಿಸುವುದು ತಿದ್ದುಪಡಿ ಕೋರಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಸ್ಥಳಾಂತರ ಕೋರಿಕೆ ಎಂಬ ಬೇರೆಯದೇ ವಿಧಾನವಿದೆ, ಸಾಮಾನ್ಯವಾಗಿ ಏಳು ದಿನ ಚರ್ಚೆ ನಡೆಯುತ್ತದೆ, ಅಲ್ಲಿ ತೂಕವಿರುವುದು ಇಂಗ್ಲಿಷ್ ಬರಹಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರು ಯಾವುದು ಎಂಬುದಕ್ಕೆ. ಆದೇಶದ ಪ್ರತಿ ಹಿಡಿದು ಬಂದವರಿಗೆ 'ಇದು ಇಲ್ಲಿಗೆ ಸೇರಿದ್ದಲ್ಲ' ಎಂಬ ಉತ್ತರವಷ್ಟೇ ಸಿಕ್ಕರೆ ತಮ್ಮ ಊರನ್ನೇ ಅವಮಾನಿಸಿದರು ಎಂದು ತಿಳಿಯುವುದು ಸಹಜ. ಚರ್ಚೆ ಎಲ್ಲಿ ನಡೆಯುತ್ತದೆ, ಅಲ್ಲಿ ಯಾವ ಬಗೆಯ ಪುರಾವೆ ನಡೆಯುತ್ತದೆ ಎಂದು ಹೇಳಿ ಕಳಿಸಿದ್ದರೆ ಅವರಲ್ಲಿ ಕೆಲವರಾದರೂ ಒಳ್ಳೆಯ ಸಂಪಾದಕರಾಗುತ್ತಿದ್ದರು.

ಲಿಪಿಯದೂ ಇಂಥದೇ ಪ್ರಕರಣ. ತುಳುವಿನ ಕುಡ್ಲ, ಕೊಂಕಣಿಯ ಕೊಡಿಯಾಲ, ಬ್ಯಾರಿಯ ಮೈಕಾಲ ಇವೆಲ್ಲ ಈ ಒಂದೇ ಊರಿನ ಹೆಸರುಗಳು. ಇವನ್ನು ಕನ್ನಡ ಅಕ್ಷರಗಳಲ್ಲಿ ಇಂಗ್ಲಿಷ್ ಲೇಖನದ ಮೊದಲ ಸಾಲಿನಲ್ಲೇ ಸೇರಿಸಿ ಎಂಬ ಬೇಡಿಕೆಗೆ ಒಪ್ಪಿಗೆ ಸಿಗುವುದಿಲ್ಲ. ಯಾವ ಭಾಷೆ ಮೊದಲು, ಯಾವುದು ಆಮೇಲೆ ಎಂಬ ಜಗಳ ದೇಶದ ಉದ್ದಗಲದ ಪುಟಗಳಲ್ಲಿ ನಡೆದು, 2012ರಲ್ಲಿ ಭಾರತಕ್ಕೆ ಸಂಬಂಧಿಸಿದ ಲೇಖನಗಳ ಪೀಠಿಕೆಯಲ್ಲಿ ಭಾರತೀಯ ಲಿಪಿಗಳು ಬೇಡವೆಂಬ ತೀರ್ಮಾನವಾಯಿತು. ಒಂದೊಂದು ಊರಿನ ಚರ್ಚೆಪುಟದಲ್ಲಿ ಎಷ್ಟು ಬರೆದರೂ ಆ ತೀರ್ಮಾನ ಅಲುಗುವುದಿಲ್ಲ. ಬದಲಿಸಬೇಕೆಂದರೆ ಭಾರತದ ಲೇಖನಗಳ ಬಗ್ಗೆ ಒಟ್ಟಾಗಿ ಚರ್ಚಿಸುವ ಜಾಗಕ್ಕೆ ಹೋಗಬೇಕು. ನನ್ನ ಮಟ್ಟಿಗೆ ಆ ತೀರ್ಮಾನ ನಾಲ್ಕು ಭಾಷೆ ಆಡುವ ಊರುಗಳಿಗೆ ನ್ಯಾಯ ಮಾಡಿಲ್ಲ. ಆದರೂ ಅದು ಇದೆ ಎಂಬುದನ್ನು ಬಂದವರಿಗೆ ತಿಳಿಸುವುದು ಉತ್ತರಿಸುವವರ ಹೊಣೆ.

ಹಾಗಾದರೆ ದಾರಿ ತಪ್ಪಿ ಬಂದ ಕೋರಿಕೆಯನ್ನು ಏನು ಮಾಡಬೇಕು? ಎರಡು ನಿಮಿಷದಲ್ಲಿ ಪರಿಶೀಲಿಸಿ ತಿದ್ದಬಹುದಾದರೆ ನೋಡಿದವರೇ ತಿದ್ದಬೇಕು. ಉಡುಪಿಯ ತಾಲ್ಲೂಕುಗಳ ಪಟ್ಟಿ ಜಿಲ್ಲಾಡಳಿತದ ಜಾಲತಾಣದಲ್ಲೇ ಇದೆ, ಅದಕ್ಕಾಗಿ ಯಾರನ್ನೂ ಅಲೆದಾಡಿಸುವ ಅಗತ್ಯವಿಲ್ಲ. ತಿದ್ದುವಷ್ಟು ತಿಳಿವಳಿಕೆ ಆ ವಿಷಯದಲ್ಲಿ ಇಲ್ಲದಿದ್ದರೆ, ಬರೆದವರ ಮಾತು ಮತ್ತು ಸಹಿಯನ್ನು ಹಾಗೇ ಉಳಿಸಿಕೊಂಡು ಸರಿಯಾದ ಚರ್ಚೆಪುಟಕ್ಕೆ ಸಾಗಿಸಬೇಕು. ಎಲ್ಲಿಂದ ತಂದದ್ದು ಎಂದು ಅಲ್ಲಿ, ಎಲ್ಲಿಗೆ ಹೋಯಿತು ಎಂದು ಇಲ್ಲಿ, ಎರಡೂ ಕಡೆ ಒಂದೊಂದು ಸಾಲು ಬರೆಯಬೇಕು. ಯಾವ ಲೇಖನ ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯದಿದ್ದಾಗ ಸಿದ್ಧ ಉತ್ತರ ಹಾಕಿದರೆ ತಪ್ಪಿಲ್ಲ. ಇದು ಹೊಸ ವಿಚಾರವೇನಲ್ಲ, ಸಾಗಿಸಲು ಬೇಕಾದ ಟೆಂಪ್ಲೇಟುಗಳೂ ಇವೆ. ಆದರೆ ಸಾಗಿಸಲು ಐದು ನಿಮಿಷ ಬೇಕು, ಸಿದ್ಧ ಉತ್ತರಕ್ಕೆ ಐದು ಸೆಕೆಂಡು ಸಾಕು.

ಕನ್ನಡ ವಿಕಿಪೀಡಿಯದ ಪರಿಸ್ಥಿತಿ ಬೇರೆ. 2003ರಲ್ಲಿ ಶುರುವಾದ ಇದರಲ್ಲಿ ಈಗ 30,000ಕ್ಕೂ ಹೆಚ್ಚು ಲೇಖನಗಳಿವೆ. ಮಂಗಳೂರು, ಮೂಡುಬಿದಿರೆ, ಉಜಿರೆಯ ಕಾಲೇಜುಗಳಲ್ಲಿ ನಡೆದ ಕಾರ್ಯಾಗಾರಗಳಿಂದ ಎಷ್ಟೋ ವಿದ್ಯಾರ್ಥಿಗಳು ಬರೆಯಲು ಕಲಿತಿದ್ದಾರೆ. ಹೆಚ್ಚಿನ ಪುಟಗಳಿಗೆ ಬೀಗವೇ ಇಲ್ಲ, ಯಾರು ಬೇಕಾದರೂ ನೇರವಾಗಿ ತಿದ್ದಬಹುದು. ಆದರೂ ಮುಟ್ಟಲು ಅಂಜಿ ಕೋರಿಕೆ ಬರೆಯುವವರು ಇದ್ದಾರೆ. ಅಂಥವರು ನಿಯಮ ಪಾಲಿಸಿ ಲೇಖನದ ಚರ್ಚೆಪುಟದಲ್ಲೇ ಬರೆದರೂ ಅದನ್ನು ನೋಡುವವರು ಬೇಕಲ್ಲ. ದಿನವೂ ದುಡಿಯುವವರು ಬೆರಳೆಣಿಕೆಯಷ್ಟು. ಯಾವುದೋ ಹಳ್ಳಿಯ ಲೇಖನದ ಚರ್ಚೆಪುಟದಲ್ಲಿ ಬರೆದದ್ದು 'ಇತ್ತೀಚೆಗಿನ ಬದಲಾವಣೆಗಳು' ಪಟ್ಟಿಯಿಂದ ಕೆಳಗಿಳಿದರೆ ಮುಗಿಯಿತು, ವರ್ಷಗಟ್ಟಲೆ ಹಾಗೇ ಇರುತ್ತದೆ. ಎಲ್ಲರೂ ಕಣ್ಣಾಡಿಸುವ ಜಾಗ ಅರಳಿ ಕಟ್ಟೆ ಎಂಬ ಸಾಮಾನ್ಯ ಚರ್ಚೆಯ ಪುಟ. ಒಂದು ಲೇಖನದ ತಿದ್ದುಪಡಿಯನ್ನು ಅಲ್ಲಿ ಕೇಳುವುದು ಇಂಗ್ಲಿಷಿನ ಲೆಕ್ಕದಲ್ಲಿ ತಪ್ಪು ಜಾಗ. ಕನ್ನಡದಲ್ಲಿ ಕೆಲಸ ಆಗುವುದು ಅಲ್ಲೇ. ಇಂಗ್ಲಿಷಿನ 'ಜಾಗ ತಪ್ಪಿದೆ' ಎಂಬ ಉತ್ತರವನ್ನು ಅನುವಾದಿಸಿ ಇಲ್ಲಿ ಹಾಕುವುದು ಶುದ್ಧ ಹಾನಿ. ಎರಡೂ ಕಡೆ ಬರೆಯಿರಿ ಎಂದೇ ನಾನು ಹೊಸಬರಿಗೆ ಹೇಳುವುದು: ಚರ್ಚೆಪುಟದಲ್ಲಿ ವಿವರ, ಅರಳಿ ಕಟ್ಟೆಯಲ್ಲಿ ಅದಕ್ಕೊಂದು ಕೊಂಡಿ.

ಕರಾವಳಿಯ ಓದುಗರಿಗೆ ಇನ್ನೂ ಒಂದು ತೊಡಕಿದೆ. ಹೊಸ ಭಾಷೆಗಳ ವಿಕಿಗಳನ್ನು ಮೊದಲು ಬೆಳೆಸುವ ತಾಣವಾದ ಇನ್‌ಕ್ಯುಬೇಟರಿನಲ್ಲಿ ಹಲವು ವರ್ಷ ಬೆಳೆದ ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಸ್ವತಂತ್ರವಾಯಿತು. ಅದಕ್ಕೆ ಒಂದು ವರ್ಷ ಮೊದಲು ಬಂದ ಕೊಂಕಣಿ ವಿಕಿಪೀಡಿಯದಲ್ಲಿ ದೇವನಾಗರಿ, ರೋಮನ್, ಕನ್ನಡ ಮೂರೂ ಲಿಪಿಗಳ ಲೇಖನಗಳಿವೆ. ಕನ್ನಡ ಅಕ್ಷರಗಳಲ್ಲಿ ತುಳು ಅಥವಾ ಕೊಂಕಣಿ ಲೇಖನ ಓದಿದವರು ಅದರ ತಪ್ಪನ್ನು ಕನ್ನಡ ವಿಕಿಪೀಡಿಯಕ್ಕೆ ತಂದು ಹೇಳಿದರೆ ಆಶ್ಚರ್ಯವಿಲ್ಲ. ಕನ್ನಡದ ನಿರ್ವಾಹಕರಿಗೆ ತುಳು ವಿಕಿಪೀಡಿಯದ ಬೀಗ ತೆಗೆಯುವ ಅಧಿಕಾರವಿಲ್ಲ, ಪ್ರತಿ ವಿಕಿಯ ನಿರ್ವಾಹಕರನ್ನು ಆಯಾ ಸಮುದಾಯವೇ ಆರಿಸುತ್ತದೆ. ಆದರೆ ಒಂದೇ ಖಾತೆ ಎಲ್ಲ ವಿಕಿಗಳಲ್ಲೂ ನಡೆಯುತ್ತದೆ. ಕನ್ನಡದ ಅರಳಿ ಕಟ್ಟೆಯಲ್ಲಿ ಕೋರಿಕೆ ಓದಿದ ಮಂಗಳೂರಿನ ಸಂಪಾದಕರೊಬ್ಬರು, ಬೀಗವಿಲ್ಲದ ತುಳು ಪುಟವಾದರೆ, ಅದೇ ಹೆಸರಿನಲ್ಲಿ ಅಲ್ಲಿಗೆ ಹೋಗಿ ತಿದ್ದಿ, ಬರೆದವರಿಗೆ ತಿಳಿಸಿ ಬರಬಹುದು.