ದಲ್ಲಾಳಿಯನ್ನು ಬಿಟ್ಟು ನೇರವಾಗಿ ರಫ್ತು ಮಾಡಿದರೆ ಸಣ್ಣ ಬೆಳೆಗಾರರಿಗೆ ಹೆಚ್ಚು ಸಿಗುವುದಿಲ್ಲವೇ?

ಓದುಗರ ಪ್ರಶ್ನೆ: ಬಡ ದೇಶಗಳಲ್ಲಿ ಕಾಫಿ, ಕೋಕೋ, ತರಕಾರಿ ಬೆಳೆದು ಹೊರದೇಶಕ್ಕೆ ಕಳಿಸುವ ಸಣ್ಣ ರೈತರ ಕೈಗೆ ಸಿಗುವುದು ಪುಡಿಗಾಸು ಎಂದು ಓದುತ್ತಲೇ ಇರುತ್ತೇನೆ. ನಡುವಿನ ದಲ್ಲಾಳಿಗಳನ್ನು ತೆಗೆದುಹಾಕಿ, ರೈತರೇ ವಿದೇಶಿ ಖರೀದಿದಾರರಿಗೆ ಮಾರುವಂತೆ ಮಾಡಿದರೆ ಸಮಸ್ಯೆ ಮುಗಿಯುವುದಿಲ್ಲವೇ? ನೆರವು ಕೊಡುವ ಸಂಸ್ಥೆಗಳು ಇಷ್ಟೊಂದು ಇದ್ದೂ ಇದು ಯಾಕೆ ಆಗುತ್ತಿಲ್ಲ?

ಉತ್ತರ: ದಲ್ಲಾಳಿಯನ್ನು ತೆಗೆಯಬಹುದು. ಅವನು ಮಾಡುತ್ತಿದ್ದ ಕೆಲಸ ಮಾತ್ರ ಅಲ್ಲೇ ಉಳಿಯುತ್ತದೆ, ಅದನ್ನು ಇನ್ನೊಬ್ಬರು ಮಾಡಲೇಬೇಕು. ಸಣ್ಣ ಬೆಳೆಗಾರರನ್ನು ರಫ್ತಿಗೆ ಇಳಿಸುವ ಯೋಜನೆಗಳು ಹೆಚ್ಚಾಗಿ ಎಡವುವುದು ಇಲ್ಲೇ. ಆ ಮನುಷ್ಯನ ಲಾಭ ಎಷ್ಟು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ, ಅವನ ಕೆಲಸದ ಪಟ್ಟಿ ಮಾಡುವವರು ಕಡಿಮೆ.

ಕಾಫಿಯನ್ನೇ ನೋಡಿ. ಹಣ್ಣು ಕೊಯ್ದ ದಿನವೇ ಅದನ್ನು ಪಲ್ಪಿಂಗ್‌ಗೆ, ಅಂದರೆ ತಿರುಳು ಬಿಡಿಸಲು, ಹಾಕಬೇಕು, ತಡವಾದರೆ ಹುಳಿ ಹಿಡಿಯುತ್ತದೆ. ಆಮೇಲೆ ತೊಳೆದು, ತೇವಾಂಶ ಶೇ 10ರಿಂದ 12ಕ್ಕೆ ಇಳಿಯುವವರೆಗೆ ಒಣಗಿಸಿ, ಸಿಪ್ಪೆ ತೆಗೆದು, ದರ್ಜೆ ಮಾಡಿ, 60 ಕಿಲೋ ಚೀಲಕ್ಕೆ ತುಂಬಬೇಕು. ಹಡಗಿಗೆ ಹೋಗುವ 20 ಅಡಿಯ ಒಂದು ಕಂಟೇನರ್‌ಗೆ ಸುಮಾರು 300 ಚೀಲ ಬೇಕು, ಅಂದರೆ 18 ಟನ್. ಅರ್ಧ ಹೆಕ್ಟೇರಿನಲ್ಲಿ 300 ಕಿಲೋ ಒಣ ಬೀಜ ತೆಗೆಯುವ ಬೆಳೆಗಾರರಾದರೆ ಒಂದೇ ಕಂಟೇನರ್ ತುಂಬಲು 60 ಮಂದಿ ಕೂಡಬೇಕು. ಅಷ್ಟೂ ಜನರ ಬೀಜ ಒಂದೇ ಗುಣಮಟ್ಟದಲ್ಲಿರಬೇಕು. ಒಬ್ಬರು ಅರೆ ಒಣಗಿದ ಬೀಜ ತಂದು ಸುರಿದರೆ ಇಡೀ ರಾಶಿಗೆ ಬೂಷ್ಟು. ಅದನ್ನು ಗೇಟಿನಲ್ಲೇ ಕಂಡುಹಿಡಿದು, ಪರಿಚಯದವರ ಮುಖ ನೋಡದೆ ವಾಪಸ್ ಕಳಿಸುವ ಒಬ್ಬ ಮನುಷ್ಯ ಬೇಕು. ದಲ್ಲಾಳಿಗೆ ಇದು ಸಲೀಸು, ಊರಿನವರೇ ಕೂಡಿ ಕಟ್ಟಿಕೊಂಡ ಸಂಘಕ್ಕೆ ಕಷ್ಟ.

ಇದಕ್ಕಿಂತ ದೊಡ್ಡದು ದುಡ್ಡಿನ ಸಮಯ. ವ್ಯಾಪಾರಿ ಮನೆ ಬಾಗಿಲಿಗೆ ಬಂದು, ತೂಕ ಹಾಕಿ, ನೋಟು ಎಣಿಸಿ ಹೋಗುತ್ತಾನೆ. ಅವನು ಮೂವತ್ತು ಕಿಲೋ ಇದ್ದರೂ ಕೊಳ್ಳುತ್ತಾನೆ, ಮೂರು ಕಿಲೋ ಇದ್ದರೂ ಕೊಳ್ಳುತ್ತಾನೆ. ಎಷ್ಟೋ ಸಲ ಫಸಲು ಬರುವ ಮೊದಲೇ ಮುಂಗಡ ಕೊಟ್ಟಿರುತ್ತಾನೆ, ಮನೆಯಲ್ಲಿ ಕಾಯಿಲೆ ಬಂದಾಗ ಕೈಗಡ ಕೊಟ್ಟಿರುತ್ತಾನೆ. ಅದಕ್ಕೆಲ್ಲ ಕಡಿಮೆ ಬೆಲೆಯ ರೂಪದಲ್ಲಿ ಬಡ್ಡಿ ಮುರಿದುಕೊಳ್ಳುತ್ತಾನೆ, ನಿಜ. ನೇರ ರಫ್ತಿನಲ್ಲಿ ಕಂಟೇನರ್ ತುಂಬಿ, ಹಡಗು ಹೊರಟು, ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಸೇರಿತೆಂಬ ಪತ್ರ) ಮತ್ತು ಇತರ ಕಾಗದಗಳು ಬ್ಯಾಂಕಿನ ಮೂಲಕ ಖರೀದಿದಾರನಿಗೆ ತಲುಪಿದ ಮೇಲೆ ಹಣ. ಕೊಯ್ಲಿನಿಂದ ಲೆಕ್ಕ ಹಾಕಿದರೆ ತಿಂಗಳುಗಳೇ ಹಿಡಿಯುತ್ತವೆ. ಲೆಟರ್ ಆಫ್ ಕ್ರೆಡಿಟ್‌ನಲ್ಲಿ (ಖರೀದಿದಾರನ ಬ್ಯಾಂಕು ಕೊಡುವ ಪಾವತಿ ಖಾತರಿಯಲ್ಲಿ) ಬರೆದ ವಿವರಕ್ಕೂ ಕಾಗದಗಳಲ್ಲಿನ ವಿವರಕ್ಕೂ ಸಣ್ಣ ವ್ಯತ್ಯಾಸ ಕಂಡರೂ ಸಾಕು, ಬ್ಯಾಂಕು ಪಾವತಿ ತಡೆಹಿಡಿಯುತ್ತದೆ. ಅಷ್ಟು ದಿನ ಮನೆ ಖರ್ಚು ಯಾರು ನೋಡಿಕೊಳ್ಳಬೇಕು?

ಸಂಘ ನೂರಕ್ಕೆ ಹತ್ತು ಹೆಚ್ಚು ಕೊಡುತ್ತೇನೆ ಎಂದರೂ ಸದಸ್ಯರು ರಾತ್ರೋರಾತ್ರಿ ವ್ಯಾಪಾರಿಗೆ ಮಾರಿಬಿಡುವುದು ಇದೇ ಕಾರಣಕ್ಕೆ. ನಿಷ್ಠೆ ಇಲ್ಲ, ತಿಳಿವಳಿಕೆ ಸಾಲದು ಎಂದು ಯೋಜನಾ ವರದಿಗಳು ಇದನ್ನು ಬರೆದುಕೊಳ್ಳುತ್ತವೆ. ತಿಳಿವಳಿಕೆಯ ಕೊರತೆ ನನಗಂತೂ ಇದರಲ್ಲಿ ಕಾಣುವುದಿಲ್ಲ. ಇವತ್ತು ಕೈಗೆ ಬರುವ ನೂರು, ಮೂರು ತಿಂಗಳ ಮೇಲೆ ಬಂದರೂ ಬರಬಹುದಾದ ನೂರಹತ್ತಕ್ಕಿಂತ ಮೇಲು ಎಂಬುದು ಸರಿಯಾದ ಲೆಕ್ಕವೇ. ಆದರೆ ಸಂಘ ಒಪ್ಪಂದದ ಪ್ರಮಾಣ ತುಂಬಿಸಲಾಗದೆ ಮಾತು ತಪ್ಪಿದಂತಾಗುತ್ತದೆ, ಖರೀದಿದಾರ ಮುಂದಿನ ವರ್ಷ ಬೇರೆ ಕಡೆ ಹೋಗುತ್ತಾನೆ.

ಹಾಗಾಗಿ ನೆರವು ಮೊದಲು ಹೋಗಬೇಕಾದ್ದು ಸಂಘದ ಕೈಯಲ್ಲಿ ಕೊಯ್ಲಿನ ಹೊತ್ತಿಗೆ ನಗದು ಇರುವಂತೆ ಮಾಡುವುದಕ್ಕೆ. ಇದಕ್ಕೆ ದಾರಿಗಳಿವೆ. ಖರೀದಿದಾರ ಸಹಿ ಹಾಕಿದ ಒಪ್ಪಂದವನ್ನೇ ಅಡಮಾನವಾಗಿಟ್ಟುಕೊಂಡು ಸಾಲ ಕೊಡುವ ಸಂಸ್ಥೆಗಳಿವೆ. 1975ರಲ್ಲಿ ಶುರುವಾದ ಡಚ್ ಸಹಕಾರಿ ಓಯ್ಕೋಕ್ರೆಡಿಟ್ ಇಂಥ ಸಂಘಗಳಿಗೆ ಸಾಲ ಕೊಡುತ್ತ ಬಂದಿದೆ. ರೈತರಿಗೆ ನ್ಯಾಯವಾದ ಬೆಲೆ ಸಿಗಲೆಂದು ಇರುವ ಫೇರ್‌ಟ್ರೇಡ್ ಪ್ರಮಾಣಪತ್ರದ ಕಾಫಿ ನಿಯಮದಲ್ಲಿ, ಸಂಘ ಕೇಳಿದರೆ ಒಪ್ಪಂದದ ಮೌಲ್ಯದ ಶೇ 60ರವರೆಗೆ ಮುಂಗಡ ಹಣದ ವ್ಯವಸ್ಥೆ ಮಾಡಬೇಕಾದ ಹೊಣೆ ಖರೀದಿದಾರನದು. ಫೇರ್‌ಟ್ರೇಡ್ ಎಂದರೆ ಎಲ್ಲರೂ ಕನಿಷ್ಠ ಬೆಲೆಯ ಮಾತಾಡುತ್ತಾರೆ, ಈ ಮುಂಗಡದ ಷರತ್ತು ಅದಕ್ಕಿಂತ ಬೆಲೆಯುಳ್ಳದ್ದು ಎಂದು ನನ್ನ ಅಭಿಪ್ರಾಯ.

ದಲ್ಲಾಳಿಯ ಎಲ್ಲ ಕೆಲಸವನ್ನೂ ವಹಿಸಿಕೊಂಡು, ಒಂದನ್ನು ಮಾತ್ರ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೆನ್ಯಾದಲ್ಲಿ ಒಂದು ಉದಾಹರಣೆ ಇದೆ. 2000ದ ದಶಕದಲ್ಲಿ ಅಲ್ಲಿ ಡ್ರಮ್‌ನೆಟ್ ಎಂಬ ಯೋಜನೆ ರೈತರ ಗುಂಪುಗಳಿಗೆ ಬೀನ್ಸ್ ಮತ್ತು ಬೇಬಿ ಕಾರ್ನ್ ಬೆಳೆಯಲು ಸಾಲ ಕೊಡಿಸಿ, ರಫ್ತುದಾರರ ಜೊತೆ ಬೆಸೆದು, ಸಾಗಣೆ ಮತ್ತು ಪಾವತಿಯನ್ನೂ ನೋಡಿಕೊಂಡಿತು. ಕೆಲವು ಗುಂಪುಗಳಿಗೆ ಈ ಸೇವೆ ಕೊಟ್ಟು, ಕೆಲವಕ್ಕೆ ಕೊಡದೆ ಹೋಲಿಸಿ ನೋಡಿದಾಗ, ರಫ್ತು ಬೆಳೆಗೆ ಆಗಷ್ಟೇ ಕಾಲಿಟ್ಟ ಕುಟುಂಬಗಳ ಆದಾಯ ಸುಮಾರು ಶೇ 32ರಷ್ಟು ಏರಿತ್ತು. ಯೋಜನೆ ಗೆದ್ದಿತು ಎಂದು ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ಒಂದು ವರ್ಷದ ಮೇಲೆ ರಫ್ತುದಾರರು ಕೊಳ್ಳುವುದನ್ನೇ ನಿಲ್ಲಿಸಿದರು. ಯೂರೋಪಿನ ಸೂಪರ್‌ಮಾರ್ಕೆಟ್‌ಗಳು ಯೂರೆಪ್‌ಗ್ಯಾಪ್ ಪ್ರಮಾಣಪತ್ರ ಕಡ್ಡಾಯ ಎಂದಿದ್ದವು, ಈ ರೈತರ ಬಳಿ ಅದು ಇರಲಿಲ್ಲ. ಬೆಳೆದು ನಿಂತ ಬೀನ್ಸ್ ಅನ್ನು ಕೆಲವರು ಸಿಕ್ಕ ಬೆಲೆಗೆ ಅದೇ ದಲ್ಲಾಳಿಗಳಿಗೆ ಮಾರಿದರು, ಕೆಲವರ ಫಸಲು ಕೊಳ್ಳುವವರಿಲ್ಲದೆ ಹಾಳಾಯಿತು, ಸಾಲ ಬಾಕಿ ಉಳಿಯಿತು.

2007ರಲ್ಲಿ ಗ್ಲೋಬಲ್‌ಗ್ಯಾಪ್ ಎಂದು ಹೆಸರು ಬದಲಿಸಿಕೊಂಡ ಈ ಪ್ರಮಾಣಪತ್ರ ಯಾವ ಸರ್ಕಾರದ ಕಾನೂನೂ ಅಲ್ಲ, ಅಂಗಡಿ ಸರಪಳಿಗಳು ಕೂಡಿ ಮಾಡಿಕೊಂಡ ನಿಯಮ. ಕೀಟನಾಶಕ ಇಡಲು ಬೀಗ ಹಾಕುವ ಜಾಗ, ಯಾವತ್ತು ಯಾವ ಔಷಧ ಹೊಡೆದಿರಿ ಎಂಬ ದಾಖಲೆ, ಕೈ ತೊಳೆಯಲು ವ್ಯವಸ್ಥೆ. ಒಂದೊಂದೂ ನ್ಯಾಯವಾದದ್ದೇ. ಆದರೆ ನೂರು ಹೆಕ್ಟೇರಿನ ತೋಟಕ್ಕೂ ಕಾಲು ಹೆಕ್ಟೇರಿನ ಹೊಲಕ್ಕೂ ಇದರ ಖರ್ಚಿನ ದೊಡ್ಡ ಭಾಗ ಒಂದೇ. ಗುಂಪಾಗಿ ಒಂದೇ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ಆಗಲೂ ಪ್ರತಿ ವರ್ಷ ಎಲ್ಲರ ದಾಖಲೆ ನೋಡಿ ಸರಿಪಡಿಸುವವರಿಗೆ ಸಂಬಳ ಕೊಡಬೇಕು. ದಾನಿಗಳು ಮೊದಲ ವರ್ಷದ ಶುಲ್ಕ ಕಟ್ಟಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮೂರನೇ ವರ್ಷದ್ದನ್ನು ಯಾರು ಕಟ್ಟುತ್ತಾರೆ ಎಂಬುದು ಯೋಜನೆಯ ಕಾಗದದಲ್ಲಿ ಬರೆದಿರುವುದು ಅಪರೂಪ.

ಇನ್ನು ಗಾನಾದ ಕೋಕೋ ರೈತರ ಸಂಘ ಕುವಾಪಾ ಕೊಕೂ. ಅಲ್ಲಿ ಕೋಕೋ ಬೀಜದ ಬೆಲೆ ನಿಗದಿ ಮಾಡುವುದು ಸರ್ಕಾರ, ವಿದೇಶಕ್ಕೆ ಮಾರುವುದರಲ್ಲೂ ಹಿಡಿತ ಸರ್ಕಾರದ ಕೋಕೋ ಮಂಡಳಿಯದೇ. ಬೆಲೆ ಎಲ್ಲರಿಗೂ ಒಂದೇ ಆದಮೇಲೆ ಹಳ್ಳಿಯಲ್ಲಿ ಕೊಳ್ಳುವವನು ಎಲ್ಲಿ ಕೈಚಳಕ ತೋರಿಸಬೇಕು? ತಕ್ಕಡಿಯಲ್ಲಿ. 1990ರ ದಶಕದ ಆರಂಭದಲ್ಲಿ ಹಳ್ಳಿಯ ಖರೀದಿಗೆ ಖಾಸಗಿಯವರಿಗೂ ಪರವಾನಗಿ ಸಿಗುವಂತಾದಾಗ, 1993ರಲ್ಲಿ ರೈತರು ಕೂಡಿ ತಮ್ಮದೇ ಖರೀದಿ ಕಂಪನಿ ಮಾಡಿಕೊಂಡರು. ಪ್ರತಿ ಹಳ್ಳಿಯಲ್ಲೂ ರೈತರು ತಾವೇ ಆರಿಸಿದ ಒಬ್ಬರು ಬೀಜ ತೂಗಿ ಬರೆದುಕೊಳ್ಳುತ್ತಾರೆ. ಗಮನಿಸಿ, ಅವರು ದಲ್ಲಾಳಿಯನ್ನು ದಾಟಿ ಲಂಡನ್ನಿಗೆ ಹಾರಲಿಲ್ಲ. ದಲ್ಲಾಳಿಯ ಕುರ್ಚಿಯಲ್ಲೇ ತಾವು ಕುಳಿತರು. ಬ್ರಿಟನ್ನಿನಲ್ಲಿ ಚಾಕೊಲೇಟ್ ಕಂಪನಿಯೊಂದರ ಪಾಲುದಾರರಾದದ್ದು ಆಮೇಲಿನ ಮಾತು, 1998ರಲ್ಲಿ. ಅದು ಪತ್ರಿಕೆಗಳಲ್ಲಿ ಹೆಚ್ಚು ಬಂತು, ನನಗೆ ಮಾತ್ರ ತಕ್ಕಡಿಯ ಸಂಗತಿಯೇ ದೊಡ್ಡದು.

ಕೆನ್ಯಾದ ಚಹಾದಲ್ಲೂ ಇದೇ ಬಗೆ. 1964ರಲ್ಲಿ ಸರ್ಕಾರಿ ಪ್ರಾಧಿಕಾರವಾಗಿ ಹುಟ್ಟಿ 2000ದಲ್ಲಿ ಬೆಳೆಗಾರರ ಒಡೆತನಕ್ಕೆ ಬಂದ ಚಹಾ ಅಭಿವೃದ್ಧಿ ಸಂಸ್ಥೆ ಕೆಟಿಡಿಎ, ಲಕ್ಷಾಂತರ ಸಣ್ಣ ಬೆಳೆಗಾರರ ಎಲೆ ಕೊಳ್ಳುತ್ತದೆ. ಎಲೆಗೆ ಪ್ರತಿ ತಿಂಗಳು ಒಂದಿಷ್ಟು ಹಣ, ಚಹಾ ಮಾರಿದ ಮೇಲೆ ವರ್ಷದ ಕೊನೆಗೆ ಉಳಿದ ಪಾಲು. ತಿಂಗಳ ಹಣವೇ ಬೆಳೆಗಾರರನ್ನು ಹಿಡಿದಿಟ್ಟುಕೊಂಡಿರುವುದು. ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಆಡಳಿತ ವೆಚ್ಚ, ನಿರ್ದೇಶಕರ ನಡವಳಿಕೆಗಳ ಮೇಲೆ ದೂರು ಬಂದು 2020ರಲ್ಲಿ ಹೊಸ ಚಹಾ ಕಾಯ್ದೆಯೇ ಆಯಿತು. ದಲ್ಲಾಳಿಯ ಜಾಗದಲ್ಲಿ ಕುಳಿತ ಸಂಸ್ಥೆಗೂ ದಲ್ಲಾಳಿಯ ಬುದ್ಧಿ ಬರಬಹುದು.

ಕನಿಷ್ಠ ಬೆಲೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. 2001ರ ಹೊತ್ತಿಗೆ ಅರೇಬಿಕಾ ಕಾಫಿಯ ವಿಶ್ವ ಮಾರುಕಟ್ಟೆ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಬಿದ್ದಾಗ ಫೇರ್‌ಟ್ರೇಡ್ ಬೆಲೆ 1.26 ಡಾಲರ್ ಇತ್ತು. ಆ ವ್ಯತ್ಯಾಸ ಎಷ್ಟೋ ಸಂಘಗಳನ್ನು ಉಳಿಸಿತು. 2023ರ ಆಗಸ್ಟ್‌ನಲ್ಲಿ ತೊಳೆದ ಅರೇಬಿಕಾಕ್ಕೆ ಕನಿಷ್ಠ ಬೆಲೆ 1.80 ಡಾಲರ್ ಆಯಿತು. ಆದರೆ 2025ರ ಆರಂಭದಲ್ಲಿ ಮಾರುಕಟ್ಟೆಯೇ 4 ಡಾಲರ್ ದಾಟಿತು, ಆಗ ಕನಿಷ್ಠ ಬೆಲೆಗೆ ಕೆಲಸವಿಲ್ಲ. ವಿಚಿತ್ರವೆಂದರೆ ಸಂಘಗಳು ಮುರಿದು ಬೀಳುವ ಅಪಾಯ ಹೆಚ್ಚಿರುವುದು ಇಂಥ ಒಳ್ಳೆ ವರ್ಷಗಳಲ್ಲೇ. ಹಳೆಯ ಬೆಲೆಗೆ ಒಪ್ಪಂದ ಮಾಡಿಕೊಂಡ ಸಂಘದ ಮುಂದೆಯೇ ವ್ಯಾಪಾರಿ ಇವತ್ತಿನ ಬೆಲೆ ಹಿಡಿದು ನಿಂತಿರುತ್ತಾನೆ.

ಮೇಳಗಳ ವಿಚಾರ: ಸಣ್ಣ ಉತ್ಪಾದಕರನ್ನು ಅಂತರರಾಷ್ಟ್ರೀಯ ವ್ಯಾಪಾರ ಮೇಳಕ್ಕೆ ಕರೆದೊಯ್ದು ಮಳಿಗೆ ಹಾಕಿಸುವುದು ನೆರವಿನ ಅತಿ ಜನಪ್ರಿಯ ರೂಪ. ಮಾದರಿ ಮೆಚ್ಚಿಸಿ, ಎರಡನೇ ಕಂಟೇನರ್‌ನಲ್ಲೂ ಅದೇ ಗುಣಮಟ್ಟ ಕೊಡಲಾಗದಿದ್ದರೆ ಮೇಳಕ್ಕೆ ಹೋಗದಿದ್ದರೇ ಒಳ್ಳೆಯದಿತ್ತು. ಇದಕ್ಕಿಂತ ಹೆಚ್ಚು ಹೇಳಬೇಕಾದ್ದೇನೂ ಇಲ್ಲ.

ಈಗ ದಲ್ಲಾಳಿಯ ಪಟ್ಟಿಗೆ ಹೊಸದೊಂದು ಕೆಲಸ ಸೇರುತ್ತಿದೆ. ಯೂರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದಂತೆ, ಅಲ್ಲಿಗೆ ಬರುವ ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ ಮೊದಲಾದವು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದವಾಗಿರಬಾರದು. ಪ್ರತಿ ಹೊಲದ ಅಕ್ಷಾಂಶ ರೇಖಾಂಶ ಕೊಡಬೇಕು, 4 ಹೆಕ್ಟೇರ್ ಮೀರಿದರೆ ಹೊಲದ ಗಡಿಯನ್ನೇ ಸುತ್ತಲೂ ಗುರುತಿಸಬೇಕು. ಜಾರಿಯ ದಿನ ಮುಂದಕ್ಕೆ ಹೋಗುತ್ತ ಬಂದಿದೆ, ಆದರೆ ದೊಡ್ಡ ವ್ಯಾಪಾರಿ ಕಂಪನಿಗಳು ಆಗಲೇ ಹೊಲಗಳ ನಕ್ಷೆ ಮಾಡಿಟ್ಟುಕೊಂಡಿವೆ. ನಕ್ಷೆ ಯಾರ ಬಳಿ ಇದೆಯೋ ಬೆಳೆಗಾರರು ಅವರಿಗೇ ಮಾರಬೇಕಾದ ಸ್ಥಿತಿ ಬರಬಹುದು. ಆದ್ದರಿಂದ ಇವತ್ತು ನೆರವಿನ ಹಣ ಇರುವವರು ಯಾರಾದರೂ ನನ್ನನ್ನು ಕೇಳಿದರೆ, ಸಂಘಗಳಿಗೆ ತಮ್ಮ ನಕ್ಷೆ ತಾವೇ ಮಾಡಿಕೊಂಡು ತಮ್ಮ ಬಳಿಯೇ ಇಟ್ಟುಕೊಳ್ಳಲು ಕೊಡಿ ಎನ್ನುತ್ತೇನೆ.

ಹಾಗಾದರೆ ನೇರ ರಫ್ತಿನಿಂದ ಲಾಭವೇ ಇಲ್ಲವೇ? ಒಂದು ಕಡೆ ಖಂಡಿತ ಇದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಯೂರೋಪಿಯನ್ ಒಕ್ಕೂಟದ 2019ರ ಅನ್ಯಾಯದ ವ್ಯಾಪಾರ ಪದ್ಧತಿ ತಡೆ ನಿರ್ದೇಶನದ ಪ್ರಕಾರ ದೊಡ್ಡ ಖರೀದಿದಾರ ತನಗಿಂತ ಚಿಕ್ಕ ಮಾರಾಟಗಾರನಿಗೆ ಬೇಗ ಹಾಳಾಗುವ ಆಹಾರ ಪದಾರ್ಥದ ಹಣವನ್ನು 30 ದಿನದೊಳಗೆ, ಉಳಿದ ಕೃಷಿ ಮತ್ತು ಆಹಾರ ಪದಾರ್ಥಗಳದ್ದನ್ನು 60 ದಿನದೊಳಗೆ ಕೊಡಬೇಕು. ಹಾಳಾಗುವ ಸರಕಿನ ಆರ್ಡರನ್ನು 30 ದಿನಕ್ಕಿಂತ ಕಡಿಮೆ ಅವಧಿಯ ಸೂಚನೆಯಲ್ಲಿ ರದ್ದು ಮಾಡುವಂತಿಲ್ಲ. ಮಾರಾಟಗಾರ ಒಕ್ಕೂಟದ ಹೊರಗಿನ ದೇಶದವನಾದರೂ ಈ ರಕ್ಷಣೆ ಸಿಗುತ್ತದೆ. ಆದರೆ ಅದು ಖರೀದಿದಾರನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವನಿಗೆ. ಸಹಿ ರಫ್ತುದಾರನದಾದರೆ ರಕ್ಷಣೆಯೂ ಅವನದು, ಸಂಘದ್ದಾದರೆ ಸಂಘದ್ದು. ದೂರನ್ನು ಖರೀದಿದಾರ ಇರುವ ದೇಶದ ಜಾರಿ ಪ್ರಾಧಿಕಾರಕ್ಕೆ ಕೊಡಬಹುದು, ಸದಸ್ಯರ ಪರವಾಗಿ ಉತ್ಪಾದಕರ ಸಂಘಟನೆಯೇ ಕೊಡಬಹುದು, ಹೆಸರು ಗುಟ್ಟಾಗಿಡಿ ಎಂದು ಕೋರಲೂಬಹುದು.