ಬೆಲ್ಲದ ಕರದಂಟಿಗೆ ‘ಶುಗರ್ ಫ್ರೀ’ ಚೀಟಿ ಅಂಟಿಸುವ ಮೊದಲು

ಕರದಂಟಿನ ಕೆಲವು ಡಬ್ಬಿಗಳ ಮೇಲೆ ಈಗ ದಪ್ಪಕ್ಷರದಲ್ಲಿ ‘ಸಕ್ಕರೆ ಇಲ್ಲ’ ಎಂದಿರುತ್ತದೆ. ತಿರುಗಿಸಿ ಹಿಂದೆ ನೋಡಿದರೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಬೆಲ್ಲ. ಪಟ್ಟಿ ಬರೆಯುವುದು ತೂಕದ ಇಳಿಕೆ ಕ್ರಮದಲ್ಲಿ, ಅಂದರೆ ಆ ತಿನಿಸಿನಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಇರುವುದು ಬೆಲ್ಲವೇ. ಮಾಡಿದವರಿಗೆ ಮೋಸದ ಉದ್ದೇಶವೇನೂ ಇರಲಿಕ್ಕಿಲ್ಲ. ಕಾರಖಾನೆಯ ಬಿಳಿ ಹರಳು ಮಾತ್ರ ಸಕ್ಕರೆ ಎನ್ನುವುದು ನಮ್ಮ ಕಡೆಯ ಲೆಕ್ಕ. ಎಫ್‌ಎಸ್‌ಎಸ್‌ಎಐ ಎಂಬ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕ ಹಾಗಿಲ್ಲ.

‘ಶುಗರ್ ಫ್ರೀ’ ಎನ್ನಬೇಕಾದರೆ 100 ಗ್ರಾಂ ತಿನಿಸಿನಲ್ಲಿ ಎಲ್ಲ ಬಗೆಯ ಸಕ್ಕರೆಯಂಶ ಸೇರಿ 0.5 ಗ್ರಾಂ ಮೀರಬಾರದು. ‘ಲೋ ಶುಗರ್’ ಎನ್ನಲು ಗಟ್ಟಿ ಪದಾರ್ಥಕ್ಕೆ ಮಿತಿ 5 ಗ್ರಾಂ, ದ್ರವಕ್ಕೆ 100 ಮಿಲಿಗೆ 2.5 ಗ್ರಾಂ. ‘ಸಕ್ಕರೆ ಸೇರಿಸಿಲ್ಲ’ ಎಂಬುದು ಮೂರನೆಯ ಮಾತು. ಅದಕ್ಕೆ ಬೆಲ್ಲ, ಜೇನು, ಕಾಕಂಬಿ, ಗ್ಲೂಕೋಸ್ ಸಿರಪ್ ಯಾವುದನ್ನೂ ಹಾಕಿರಬಾರದು. ಖರ್ಜೂರ ಅರೆದು ಬೆಲ್ಲದ ಬದಲು ಹಾಕಿದವರೂ ಇಲ್ಲಿ ಸಿಕ್ಕಿಬೀಳುತ್ತಾರೆ: ಸಿಹಿಗಾಗಿಯೇ ಸೇರಿಸಿದ ಒಣಹಣ್ಣಿನ ಪೇಸ್ಟ್ ಇದ್ದರೂ ಆ ಮಾತು ಬರೆಯುವಂತಿಲ್ಲ.

ಇನ್ನು ಹಿಂಬದಿಯ ಪಟ್ಟಿ. 2020ರ ಲೇಬಲಿಂಗ್ ನಿಯಮದಂತೆ ಒಟ್ಟು ಸಕ್ಕರೆಯಂಶ ಮತ್ತು ಸೇರಿಸಿದ ಸಕ್ಕರೆ ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಕೊಡಬೇಕು. ಉದಾಹರಣೆಗೆ ಒಂದು ಪಾಕದ ಲೆಕ್ಕ ಹಿಡಿಯೋಣ. ಬೆಲ್ಲ 4 ಕಿಲೊ, ಉತ್ತತ್ತಿ 2 ಕಿಲೊ, ಒಣಕೊಬ್ಬರಿ 2 ಕಿಲೊ, ಗೋಡಂಬಿ–ಬದಾಮಿ ಒಂದೂಕಾಲು ಕಿಲೊ, ಅಂಟು ಅರ್ಧ ಕಿಲೊ, ತುಪ್ಪ ಅರ್ಧ ಕಿಲೊ. ನೀರಿನಂಶ ಹೋಗಿ ತಟ್ಟೆಗೆ ಬಿದ್ದದ್ದು 10 ಕಿಲೊ. ಗಟ್ಟಿ ಬೆಲ್ಲದಲ್ಲಿ ನೂರಕ್ಕೆ ಸುಮಾರು 85 ಭಾಗ ಸಕ್ಕರೆಯಂಶ ಎಂದು ಹಿಡಿದರೆ 3.4 ಕಿಲೊ ಆಯಿತು. ಅಂದರೆ 100 ಗ್ರಾಂ ಕರದಂಟಿನಲ್ಲಿ ಸೇರಿಸಿದ ಸಕ್ಕರೆ 34 ಗ್ರಾಂ. ಉತ್ತತ್ತಿಯದು ಅದರದೇ ಸಕ್ಕರೆ, ಸುಮಾರು 13 ಗ್ರಾಂ. ಅದು ಒಟ್ಟು ಸಕ್ಕರೆಯ ಸಾಲಿಗೆ ಸೇರಿ 47 ಆಗುತ್ತದೆ. 30 ಗ್ರಾಂನ ಒಂದು ತುಂಡು ತಿಂದರೆ ಸೇರಿಸಿದ ಸಕ್ಕರೆ 10 ಗ್ರಾಂ. ಲೇಬಲ್‌ನಲ್ಲಿ ದಿನಕ್ಕೆ ಲೆಕ್ಕ ಹಿಡಿಯುವುದು 50 ಗ್ರಾಂ, ಆದ್ದರಿಂದ ಶೇ 20 ಎಂದು ಬರೆಯಬೇಕು. ಇದು ಕಚ್ಚಾ ಅಂದಾಜು. ಅಚ್ಚಿಗೆ ಕಳಿಸುವ ಮುಂಚೆ ಒಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು. ಬೆಲ್ಲ ಪೆಂಟಿಯಿಂದ ಪೆಂಟಿಗೆ ಬದಲಾಗುತ್ತದೆ.

ಹೆಚ್ಚಿನವರು ತಪ್ಪುವುದು ಭಾಗಿಸುವ ತೂಕದಲ್ಲಿ. ಹಾಕಿದ ಸಾಮಾನಿನ ತೂಕದಿಂದ ಭಾಗಿಸುತ್ತಾರೆ, ಇಳಿಸಿದ ತಿನಿಸಿನ ತೂಕದಿಂದ ಅಲ್ಲ. ಕರದಂಟಿನಲ್ಲಿ ಇದರ ವ್ಯತ್ಯಾಸ ಅಷ್ಟಿಲ್ಲ. ಬೆಳಗಾವಿ ಕುಂದಾದಲ್ಲಿ ಮಾತ್ರ ಲೆಕ್ಕವೇ ತಲೆಕೆಳಗು. 10 ಲೀಟರ್ ಹಾಲು, 1 ಕಿಲೊ ಸಕ್ಕರೆ ಸೇರಿ ಕುದಿದು ಕುದಿದು 3 ಕಿಲೊಗೆ ಇಳಿಯಿತು ಅನ್ನಿ. ಹಾಕಿದ ತೂಕದ ಮೇಲೆ ಸೇರಿಸಿದ ಸಕ್ಕರೆ ನೂರಕ್ಕೆ 9 ಗ್ರಾಂ. ಇಳಿಸಿದ ತೂಕದ ಮೇಲೆ 33 ಗ್ರಾಂ. ಲೇಬಲ್ ಮೇಲೆ ಬರಬೇಕಾದದ್ದು 33.

ಇದೇ ಕುಂದಾವನ್ನು ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕ ಹಾಕಿ ‘ಶುಗರ್ ಫ್ರೀ’ ಮಾಡುತ್ತೇವೆ ಎನ್ನುವುದೂ ಆಗದ ಮಾತು. ಸಕ್ಕರೆ ಬಿಟ್ಟರೂ ಹಾಲಿನಲ್ಲೇ ಇರುವ ಸಕ್ಕರೆ, ಲ್ಯಾಕ್ಟೋಸ್, ಎಲ್ಲಿ ಹೋಗಬೇಕು? 10 ಲೀಟರ್ ಹಾಲಿನಲ್ಲಿ ಅದು ಸುಮಾರು 470 ಗ್ರಾಂ. ಎರಡು ಕಿಲೊ ಖೋವಾಕ್ಕೆ ಇಳಿದಾಗ 100 ಗ್ರಾಂಗೆ 23 ಗ್ರಾಂ ಸಕ್ಕರೆಯಂಶ ಉಳಿದೇ ಇರುತ್ತದೆ. ಮಿತಿಯೋ, ಅರ್ಧ ಗ್ರಾಂ.

ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. 1 ಕಿಲೊ ಸಕ್ಕರೆಯ ಜಾಗದಲ್ಲಿ 1.6 ಗ್ರಾಂ ಸಾಕು. ಅಂಗಡಿಯ ತಕ್ಕಡಿಯಲ್ಲಿ ಇದನ್ನು ತೂಗಲು ಹೋದರೆ ಒಂದು ತಟ್ಟೆ ಕಹಿ, ಇನ್ನೊಂದು ಸಪ್ಪೆ. 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ದ್ರಾವಣ ಮಾಡಿ, ಅದರಲ್ಲಿ 160 ಮಿಲಿ ಅಳೆದು ಹಾಕುವುದು ಸರಿಯಾದ ದಾರಿ. ಆದರೂ ನಿಜವಾದ ತೊಡಕು ತೂಕದ್ದಲ್ಲ. ಬೆಲ್ಲ ಸಿಹಿಯನ್ನಷ್ಟೇ ಕೊಡುವುದಿಲ್ಲ. ಪಾಕವಾಗಿ ಕೊಬ್ಬರಿ, ಅಂಟು, ಬದಾಮಿಯನ್ನು ಹಿಡಿದಿಡುತ್ತದೆ, ನೀರನ್ನು ಕಟ್ಟಿಹಾಕಿ ಬೂಜು ತಡೆಯುತ್ತದೆ. ಅದನ್ನು ತೆಗೆದರೆ ತುಂಡು ಕೈಯಲ್ಲೇ ಉದುರುತ್ತದೆ. ಆ ಖಾಲಿ ಜಾಗ ತುಂಬಲು ಪಿಷ್ಟದಿಂದ ಮಾಡಿದ ಪುಡಿಯಾದ ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಮಾಲ್ಟಿಟಾಲ್ ಬರುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಬಹುಪಾಲು ‘ಸಕ್ಕರೆ’ ಸಾಲಿನಲ್ಲಿ ಕಾಣಿಸುವುದೇ ಇಲ್ಲ, ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಅಡಗಿರುತ್ತದೆ. ರಕ್ತದ ಗ್ಲೂಕೋಸ್ ಏರಿಸುವುದರಲ್ಲಿ ಮಾತ್ರ ಅದು ಸಕ್ಕರೆಗಿಂತ ಹಿಂದೆ ಬೀಳುವುದಿಲ್ಲ. ಆದ್ದರಿಂದ ಶುಗರ್ ಇರುವವರು ಸಕ್ಕರೆ ಸಾಲಿನ ಸೊನ್ನೆ ನೋಡಿ ಸಮಾಧಾನಪಡದೆ, ಒಟ್ಟು ಕಾರ್ಬೋಹೈಡ್ರೇಟ್ ನೋಡಬೇಕು. ಮಾಲ್ಟಿಟಾಲ್ ಅಷ್ಟು ಏರಿಸುವುದಿಲ್ಲ, ಆದರೆ ಹೆಚ್ಚು ತಿಂದರೆ ಹೊಟ್ಟೆ ಉಬ್ಬುತ್ತದೆ, ಭೇದಿಯೂ ಆಗುತ್ತದೆ. ಇಂಥ ಪಾಲಿಯಾಲ್ (ಮಾಲ್ಟಿಟಾಲ್ ಜಾತಿಯ ಸಿಹಿ ಪದಾರ್ಥ) ಶೇ 10 ಅಥವಾ ಹೆಚ್ಚಿದ್ದರೆ ಆ ಎಚ್ಚರಿಕೆ ಲೇಬಲ್ ಮೇಲೆ ಇರಲೇಬೇಕು.

ಸಿಹಿಕಾರಕವೇ ವಿಷ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳ ಮೂಲ 2023ರ ಎರಡು ಸುದ್ದಿ. ದೇಹದ ತೂಕ ಇಳಿಸಲೆಂದು ಇವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲಿ ಹೇಳಿತು. ಈಗಾಗಲೇ ಮಧುಮೇಹ ಇರುವವರು ಆ ಸಲಹೆಯ ವ್ಯಾಪ್ತಿಗೆ ಬರುವುದಿಲ್ಲ. ಜುಲೈನಲ್ಲಿ ಆಸ್ಪರ್ಟೇಮ್ ಎಂಬ ಸಿಹಿಕಾರಕ ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ‘ಕ್ಯಾನ್ಸರ್ ಸಾಧ್ಯತೆ’ಯ 2ಬಿ ಗುಂಪಿಗೆ ಸೇರಿತು, ಆದರೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೊಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿ ಬದಲಾಗಲಿಲ್ಲ. ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಐಎನ್‌ಎಸ್ ಸಂಖ್ಯೆ (ಆಹಾರಕ್ಕೆ ಸೇರಿಸುವ ಪದಾರ್ಥದ ಅಂತರರಾಷ್ಟ್ರೀಯ ಗುರುತು) ನೋಡಿ: 950 ಅಸಿಸಲ್ಫೇಮ್, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ, 965 ಮಾಲ್ಟಿಟಾಲ್.

ಬೆಲ್ಲದ ಬಣ್ಣದ ಬಗ್ಗೆ ಒಂದು ಮಾತು, ಏಕೆಂದರೆ ಸಕ್ಕರೆಯ ಗದ್ದಲದಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಪೇಟೆಯಲ್ಲಿ ಚಿನ್ನದ ಬಣ್ಣಕ್ಕೆ ದರ ಹೆಚ್ಚು, ಆ ಬಣ್ಣಕ್ಕಾಗಿ ಗಾಣದಲ್ಲಿ ಹೈಡ್ರೋಸ್ ಎಂಬ ಬಣ್ಣ ತಿಳಿಮಾಡುವ ಪುಡಿ ಬೀಳುತ್ತದೆ. ಅದರಿಂದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಕಿಲೊಗೆ 50 ಮಿಲಿಗ್ರಾಂ ಇರುವ ಬೆಲ್ಲವನ್ನು ನೂರಕ್ಕೆ 40ರಷ್ಟು ಹಾಕಿದರೆ, ಪಾಕ ಕಾಯಿಸುವಾಗ ಸ್ವಲ್ಪ ಹಾರಿಹೋದರೂ, ಕರದಂಟಿನಲ್ಲಿ ಕಿಲೊಗೆ 20 ಮಿಲಿಗ್ರಾಂ ಹತ್ತಿರ ನಿಲ್ಲಬಹುದು. ಕಿಲೊಗೆ 10 ಮಿಲಿಗ್ರಾಂ ಮತ್ತು ಅದಕ್ಕಿಂತ ಮೇಲಾದರೆ ಗೋಡಂಬಿ, ಬದಾಮಿಯ ಜತೆಗೆ ಈ ಗಂಧಕದ ಅಂಶವನ್ನು, ಅಂದರೆ ಸಲ್ಫೈಟ್ ಅನ್ನೂ ಅಲರ್ಜಿ ಸಾಲಿನಲ್ಲಿ ಬರೆಯಬೇಕು. ಉಬ್ಬಸ ಇರುವ ಕೆಲವರಿಗೆ ಇದು ಆಗಿಬರುವುದಿಲ್ಲ. ಬೆಂಡಿ ಗಿಡದ ಲೋಳೆಯಿಂದ ಕೊಳೆ ತೆಗೆದ ಕಂದು ಬೆಲ್ಲ ಕೊಂಡರೆ ಈ ತಾಪತ್ರಯ ತಪ್ಪುತ್ತದೆ. ಗಾಣದವರನ್ನು ಕೇಳಿದ ಮೇಲೂ ಒಮ್ಮೆ ಪರೀಕ್ಷೆ ಮಾಡಿಸಿ.

ಹಾಗಾದರೆ ಡಬ್ಬಿಯ ಮುಂದೆ ಏನು ಬರೆಯಬೇಕು? ‘ಬೆಲ್ಲದಿಂದ ಮಾಡಿದ್ದು’ ಎಂದರೆ ಸಾಕು. ಅದು ನಿಜ, ಅದಕ್ಕೆ ಗಿರಾಕಿಯೂ ಇದ್ದಾನೆ. ಹಿಂದೆ ಒಟ್ಟು ಸಕ್ಕರೆ 47, ಸೇರಿಸಿದ ಸಕ್ಕರೆ 34 ಎಂದು ಓದುವಷ್ಟು ದೊಡ್ಡಕ್ಷರದಲ್ಲಿರಲಿ, ಮಡಿಕೆಯ ಕೆಳಗೆ ಹೋಗದಂತೆ ಅಚ್ಚಿನವರಿಗೆ ಮೊದಲೇ ಹೇಳಿ.